ನನ್ನ ಬಾಯಿಗೆ ಬಂದ ಹೆಸರು

ದೇವರು ದಿಂಡರು ಎಂದರೆ ಮೂಗು ಮುರಿಯುವವಳು ನಾನು. ಯಾರಾದರೂ ವಿಚಿತ್ರ ಅನುಭವವಾಯಿತು ಎಂದರೆ, 'ಸರಿಯಾಗಿ ನಿದ್ದೆ ಮಾಡಿಲ್ಲ, ಬಿಡಿ' ಎಂದು ನಗುತ್ತಿದ್ದೆ. ಈಗ ನನ್ನದೇ ಕಥೆ ಹೇಳುತ್ತೇನೆ. ನೀವೂ ಧಾರಾಳವಾಗಿ ನಗಬಹುದು.

ಕೆಲವು ವರ್ಷಗಳ ಹಿಂದೆ ಚಾಮರಾಜಪೇಟೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಒಂದು ಬೆಳಿಗ್ಗೆ ಲೂರ್ದು ಎಂಬ ಕ್ರೈಸ್ತ ಹೆಂಗಸಿಗೆ, ತಿಂಗಳು ತುಂಬುವ ಮೊದಲೇ, ಆಪರೇಷನ್ ಮಾಡಿ ಹೆಣ್ಣುಮಗು ತೆಗೆದರು. ಉಸಿರು ಈಗಲೋ ಆಗಲೋ ಎನ್ನುವಂತಿತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟೆವು. ಚರ್ಚಿನಿಂದ ಫಾದರನ್ನು ಕರೆತರಲು ಹೋದ ಗಂಡ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ.

ಮಂಚದಿಂದ ಏಳಲಾರದ ಲೂರ್ದು ನನ್ನ ಕೈ ಹಿಡಿದಳು. "ಸಿಸ್ಟರ್, ನೀವೇ ಹಣೆಗೆ ನೀರು ಹಾಕಿ ಜ್ಞಾನಸ್ನಾನ ಕೊಟ್ಬಿಡಿ. ಪ್ರಾಣ ಹೋಗೋ ಟೈಮಲ್ಲಿ ಯಾರು ಕೊಟ್ರೂ ಆಗತ್ತೆ."

"ಅಯ್ಯೋ, ನಾನು ಕುಂಕುಮ ಇಡೋಳು ಕಣಮ್ಮ. ನೀರು ಹಾಕಿದ್ರೆ ಮಗು ಉಳಿಯತ್ತಾ?"

"ಉಳೀಲಿ ಅಂತಲ್ಲ. ಆ ನೀರು ಬಿದ್ರೆ ಅವಳು ದೇವರ ಮಗು. ಸತ್ರೂ ಅನಾಥೆ ಅಲ್ಲ."

ಅವಳು ಹೇಳಿಕೊಟ್ಟ ಮಾತನ್ನು ಬಾಯಿಪಾಠ ಮಾಡುತ್ತಲೇ ಮಗುವಿದ್ದ ಕೋಣೆಗೆ ಓಡಿದೆ. ಡಾಕ್ಟರು ಬೇಡವೆನ್ನಲಿಲ್ಲ. ಹಣೆಗೆ ಮೂರು ಸಲ ಹನಿ ನೀರು ಬಿಟ್ಟು, "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಎಂದೆ. ಆಗ ನೆನಪಾಯಿತು, ಹೆಸರನ್ನೇ ಕೇಳಿರಲಿಲ್ಲ! ನಮ್ಮ ನಾಮಕರಣದ ಅಭ್ಯಾಸಬಲ ನೋಡಿ, ಮಗುವಿನ ಕಿವಿಯ ಹತ್ತಿರ ಬಗ್ಗಿಬಿಟ್ಟೆ. ಬಾಯಿಂದ "ರಫಾಯೆಲ" ಎಂದು ಹೊರಟಿತು. ಗವಿಪುರದ ನಮ್ಮ ಮನೆಯಲ್ಲಿ ಯಾರೂ ಎತ್ತದ ಹೆಸರು. ಅದೂ ಗಂಡುಮಗುವಿನದು!

ಮಗು ಬದುಕಿತು. ಅದು ಡಾಕ್ಟರ ಕೈಗುಣ, ಅದರಲ್ಲಿ ನನಗೆ ವಿಚಿತ್ರವೇನೂ ಕಾಣುವುದಿಲ್ಲ. ಆಮೇಲೆ ಬಂದ ಫಾದರು, ಹೆಸರು ತಪ್ಪಿದರೂ ಜ್ಞಾನಸ್ನಾನ ಸಲ್ಲುತ್ತದೆ, ಇನ್ನೊಮ್ಮೆ ಕೊಡುವ ಹಾಗಿಲ್ಲ ಎಂದರು.

ಆದರೆ ಹೆಸರು ಕೇಳಿದ ಲೂರ್ದುವಿನ ಮುಖ ಬಿಳಿಚಿತ್ತು. ಮೊದಲ ಮಗ ಹೊಟ್ಟೆಯಲ್ಲೇ ಹೋಗಿದ್ದನಂತೆ. ಜ್ಞಾನಸ್ನಾನದ ನೀರು ಕಾಣದೆ ಮಣ್ಣು ಸೇರಿದ ಅವನಿಗೆ ಅವಳು ಮನಸ್ಸಿನಲ್ಲೇ ಇಟ್ಟುಕೊಂಡ ಹೆಸರು ಅದು. ಗಂಡನಿಗೂ ಹೇಳಿರಲಿಲ್ಲ.

"ಅವನೂ ಅಲ್ಲೇ ಇದ್ನಾ ಸಿಸ್ಟರ್?" ಎಂದು ಕೇಳಿದಳು.

'ಸರಿಯಾಗಿ ನಿದ್ದೆ ಮಾಡಿಲ್ಲ, ಬಿಡಿ' ಎಂದು ನಗುತ್ತಿದ್ದ ನಾನು, ಈ ಸಲ ಅವಳ ಕೈ ಹಿಡಿದು ಪಕ್ಕದಲ್ಲೇ ಕುಳಿತೆ.