ಚೀಟಿ ಕಿತ್ತ ಬಾಟಲಿಯ ಡಾಕ್ಟರು

ಬಾಗಿಲಲ್ಲೇ ಒಬ್ಬ ನರ್ಸ್ ನನ್ನ ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದಳು. ದುರ್ಗದಲ್ಲಿ ನಮ್ಮ ವಿಶ್ವವಿದ್ಯಾಲಯದ ಹೊಸ ಸಂಸ್ಥೆಯ ಉದ್ಘಾಟನೆ. ಬಂದವರಿಗೆಲ್ಲ ಸಕ್ಕರೆ ಕಾಯಿಲೆಯ ಪರೀಕ್ಷೆ ಪುಕ್ಕಟೆ. ಪುರಾವೆ ಆಧಾರಿತ ಆರೋಗ್ಯ ಸೇವಾ ಸಂಸ್ಥೆ ಎಂದು ಉದ್ದನೆಯ ಹೆಸರು. ಅಂದರೆ, ಯಾವ ಔಷಧ ನಿಜಕ್ಕೂ ಗುಣ ಮಾಡುತ್ತದೆ ಎಂದು ನೋಡಿ ಆಮೇಲೆ ಕೊಡಿ ಎಂದು ಡಾಕ್ಟರುಗಳಿಗೆ ಹೇಳಿಕೊಡುವ ಜಾಗ. ಆ ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರ ಡಾಕ್ಟರು ನೆನಪಾದರು. ಒಳಗೆ ಹೋದರೆ ವೇದಿಕೆಯ ಮೇಲೆ ಅವರದೇ ಫೋಟೋ, ಹಾರ ಹಾಕಿಸಿಕೊಂಡು ಕುಂತಿತ್ತು. ಕಟ್ಟಡಕ್ಕೆ ಜಾಗ ಕೊಟ್ಟವನು ಅವರ ಮಗನಂತೆ.

ಹೊಸದುರ್ಗದಿಂದ ಬಾಗೂರಿನ ಕಡೆ ಹೋಗುವ ರಸ್ತೆಯಲ್ಲಿ ನಮ್ಮೂರು. ಬಸ್ ಸ್ಟ್ಯಾಂಡಿನ ಪಕ್ಕದ ಒಂದು ಕೋಣೆ ಅವರ ದವಾಖಾನೆ. ಹೊರಕೆರೆದೇವಪುರದಿಂದಲೂ ಜನ ಬರುತ್ತಿದ್ದರು. ಏನು ಕಾಯಿಲೆ ಎಂದು ಅವರು ಕೇಳಿದ್ದನ್ನು ನಾನಂತೂ ಕಂಡಿಲ್ಲ. "ಎಡಕ್ಕೆ ಹಾಕ್ಲೋ, ಬಲಕ್ಕೆ ಹಾಕ್ಲೋ?" ಅಷ್ಟೇ ಅವರ ತಪಾಸಣೆ. ಜ್ವರಕ್ಕೂ ಸೂಜಿ, ಸೊಂಟನೋವಿಗೂ ಸೂಜಿ, ಗಂಡನ ಮನೆಗೆ ಹೋಗಲೊಲ್ಲೆ ಎಂದು ಅಳುವ ಹುಡುಗಿಗೂ ಸೂಜಿ. ಸೂಜಿ ಹಾಕದೆ ಕಳಿಸಿದರೆ ನಮ್ಮವರಿಗೂ ಸಮಾಧಾನವಿರಲಿಲ್ಲ ಅನ್ನಿ. ಔಷಧದ ಬಾಟಲಿ ಬಂದ ಕೂಡಲೇ ನೀರಲ್ಲಿ ನೆನೆಸಿ, ಅದರ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುವುದು ಅವರ ಪದ್ಧತಿ. ಹೆಸರು ಗೊತ್ತಾದರೆ ಜನ ಹೊಸದುರ್ಗದ ಅಂಗಡಿಯಲ್ಲೇ ಕೊಂಡುಬಿಟ್ಟಾರು ಎಂಬ ಭಯ. ಊರವರು ಅದನ್ನೂ ಕೈಗುಣದ ಗುಟ್ಟು ಅಂದುಕೊಂಡರು…

ನಮ್ಮವ್ವನಿಗೆ ಕೀಲುನೋವು, ಮುದ್ದೆ ತಿರುವಲು ಆಗುತ್ತಿರಲಿಲ್ಲ. ಅವರ ಸೂಜಿ ಬಿದ್ದ ದಿನ ಸಂಜೆಗೇ ತಿರುವಿದಳು. ಆಮೇಲೆ ವಾರ ವಾರ ಸೂಜಿ. ಮುಖ ಗುಂಡಗಾಯಿತು, ಕೆನ್ನೆ ಉಬ್ಬಿತು. "ಮೈಕೈ ತುಂಬ್ಕಂಡು ಮದುವೆ ಹೆಣ್ಣಿನಂಗಾಗವಳೆ ನೋಡ್ರಿ" ಎಂದು ಓಣಿಯ ಹೆಂಗಸರು ಹೊಗಳಿದರು. ಅವ್ವ ನಾಚಿಕೊಂಡು ನಕ್ಕಳು. ಕೆಲವು ವರ್ಷ ಕಳೆದ ಮೇಲೆ, ಒಂದು ಬೆಳಿಗ್ಗೆ ಕೊಡ ಎತ್ತಲು ಬಗ್ಗಿದವಳು ಅಲ್ಲೇ ಕುಸಿದಳು. ಬೆನ್ನುಮೂಳೆ ಮುರಿದಿತ್ತು. ದಾವಣಗೆರೆಯ ಡಾಕ್ಟರು ಅವಳ ಮುಖ ನೋಡಿಯೇ, ಇದು ಸ್ಟೆರಾಯ್ಡಿನ ಊತ, ಮೂಳೆ ತಿಂದಿರುವುದೂ ಅದೇ, ಯಾವ ಸೂಜಿ ಎಷ್ಟು ಹಾಕಿದ್ದಾರೆ ತಿಳಿದುಕೊಂಡು ಬಾ ಎಂದರು.

ಊರಿಗೆ ಓಡಿದೆ. ನಮ್ಮ ಡಾಕ್ಟರು ಬಾಟಲಿ ಕೆರೆಯುತ್ತಾ ಕುಂತಿದ್ದರು. "ಹೆಸರು ಕಟ್ಕಂಡು ಏನ್ ಮಾಡ್ತೀಯಪ್ಪ? ನೋವು ಹೋತೋ ಇಲ್ಲೋ, ಅದು ಹೇಳು" ಎಂದರು. ತಲೆ ಕೂಡ ಎತ್ತಲಿಲ್ಲ. ಅಷ್ಟು ದಡ್ಡತನವನ್ನೂ ಅಷ್ಟು ಜಂಬವನ್ನೂ ಒಬ್ಬರಲ್ಲೇ ನಾನು ಮತ್ತೆ ಕಂಡಿಲ್ಲ. ಇತ್ತ ಹಾಸಿಗೆ ಹಿಡಿದ ಅವ್ವ ಸಾಯುವವರೆಗೂ, "ಆ ಪುಣ್ಯಾತ್ಮನ್ನ ಕರ್ಕಂಬಾರಪ್ಪ, ಒಂದು ಸೂಜಿ ಹಾಕಿದ್ರೆ ಎದ್ದು ಕುಂತ್ಕತೀನಿ" ಎನ್ನುತ್ತಲೇ ಇದ್ದಳು…

ಕುಲಪತಿಗಳು ಪುರಾವೆ, ಪುರಾವೆ ಎಂದು ಗಂಟಲು ಹರಿದುಕೊಂಡರು. ಅದೇ ಉಸಿರಿಗೆ, ಈ ಮಹನೀಯರು ಸಾವಿರಾರು ಜೀವ ಉಳಿಸಿದವರು ಎಂದೂ ಹೇಳಿದರು. ಎಣಿಸಿದವರು ಯಾರೋ ಕಾಣೆ. ನಾನು ಅಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು, ಮೇಲಾಗಿ ಅವರ ಊರಿನವನು ಎಂದು ಮಾತಾಡಲು ಕರೆದರು. "ಎರಡು ಒಳ್ಳೆ ಮಾತು ಹೇಳಿ ಮುಗಿಸ್ರಿ, ಊಟಕ್ಕೆ ಹೊತ್ತಾಯ್ತು" ಎಂದು ಕುಲಸಚಿವರು ಪಿಸುಗುಟ್ಟಿದರು.

"ಇವರು ಹೆಸರು ಹೇಳದೆ ಹಾಕಿದ ಸೂಜಿಯಿಂದ ನಮ್ಮವ್ವ ಬೆನ್ನು ಮುರಿದು ಸತ್ತಳು. ಈ ಫೋಟೋ ಈ ಕಟ್ಟಡದಲ್ಲಿರೋದು ನಾಚಿಕೆಗೇಡು" ಎಂದು ಹೇಳಿ ಬಂದು ಕುಂತೆ. ನಿರೂಪಣೆ ಮಾಡುತ್ತಿದ್ದಾಕೆ ಮೈಕ್ ತೆಗೆದುಕೊಂಡು, "ಸರ್ ತಾಯಿಯನ್ನು ನೆನೆದು ಭಾವುಕರಾದರು" ಎಂದಳು. ಚಪ್ಪಾಳೆ ಬಿತ್ತು. ಎಲ್ಲರೂ ಊಟಕ್ಕೆ ಎದ್ದರು.

ಫೋಟೋ ಈಗಲೂ ಅಲ್ಲೇ ಇದೆ. ಅವ್ವ ಬದುಕಿದ್ದರೆ ಅವತ್ತು ಮುಂದಿನ ಸಾಲಿನಲ್ಲೇ ಕುಂತಿರುತ್ತಿದ್ದಳು. "ಲೇ, ದೊಡ್ಡೋರ ಬಗ್ಗೆ ಹಂಗನ್ನಬಾರ್ದು, ಇಳಿ ಕೆಳಗೆ" ಎಂದು ನನ್ನನ್ನೇ ಗದರುತ್ತಿದ್ದಳು. ಗದರಲಿಕ್ಕಾದರೂ ಅವಳು ಇರಬೇಕಿತ್ತು.