ಅತ್ತೆಯ ಮಾತು, ಅಂಗಡಿಯ ಪೇಜು

ಸಿಂಧನೂರಿನ ಬಸ್ ನಿಲ್ದಾಣದ ಹಿಂದೆ ನಮ್ಮದೊಂದು ಜೋಳದ ರೊಟ್ಟಿಯ ಅಂಗಡಿ. ರೊಟ್ಟಿ ಬಡಿಯುವವರು ನನ್ನ ಅತ್ತೆ. ಫೋನಿನಲ್ಲಿ ಅಂಗಡಿಯ ಪೇಜು ನೋಡಿಕೊಳ್ಳುವವಳು ನಾನು.

ಎದುರು ಸಾಲಿನ ಖಾನಾವಳಿಯವರು ತಮ್ಮ ಪೇಜನ್ನು ಫಾಲೋ ಮಾಡಿದವರಿಗೆ ಊಟ ಪುಕ್ಕಟೆ ಎಂದು ಬೋರ್ಡು ಹಾಕಿದಾಗ, ನಾವೂ ಏನಾದರೂ ಕೊಡೋಣ ಎಂದ ನನ್ನ ಗಂಡ. ನಾನು ಒಪ್ಪಲಿಲ್ಲ. ಪುಕ್ಕಟೆ ಉಂಡವರು ಕೈ ತೊಳೆದ ಕೂಡಲೇ ಮರೆಯುತ್ತಾರೆ, ನೋಡಬೇಕೆನಿಸಿ ಬಂದವರು ಉಳಿಯುತ್ತಾರೆ ಎಂದು ವಾದಿಸಿದೆ. ನಮ್ಮಲ್ಲಿ ನೋಡುವಂಥದ್ದೇನಿದೆ ಎಂದು ಹುಡುಕಬೇಕಾಗಿರಲಿಲ್ಲ. ಅತ್ತೆ ಇದ್ದರು.

ಬಳಗಾನೂರಿನಲ್ಲಿ ಹುಟ್ಟಿ ಬೆಳೆದ ಅವರು ಹಿಟ್ಟಿನ ಜೊತೆಗೂ ಮಾತಾಡುವವರು. ರೊಟ್ಟಿಯ ಅಂಚು ಬಿರಿದರೆ, "ಯಾಕಲೇ, ನಿನಗೇನು ಕಡಿಮಿ ಮಾಡೀನಿ? ಬಿಸಿನೀರು ಹಾಕಿಲ್ಲೇನು?" ಎಂದು ಬೈಯುತ್ತಿದ್ದರು. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಅದನ್ನು ವಿಡಿಯೊ ಮಾಡಿದೆ.

"ಹಾಕ್ಲೇನ್ರೀ ಅತ್ತಿ?"

"ಹಾಕವ್ವ, ನಂದೇನ್ ಹೋಗ್ತೈತಿ."

ಜನ ಆ ಬೈಗುಳಕ್ಕೆ ಮರುಳಾದರು. ವಾರ ವಾರಕ್ಕೂ ಫಾಲೋ ಮಾಡುವವರು ಹೆಚ್ಚಿದರು. ಲಿಂಗಸುಗೂರಿನಿಂದ ಬಂದ ಕುಟುಂಬವೊಂದು, "ಅಮ್ಮಾ, ನಮಗೂ ಒಂದೀಟು ಬೈರಿ" ಎಂದು ಫೋನ್ ಹಿಡಿದು ನಿಂತಿತು. ಅತ್ತೆ ನಕ್ಕರು; ಬೈಯಲು ಮಾತ್ರ ಬಾಯಿ ಬರಲಿಲ್ಲ. ಆಮೇಲೆ ನಾನೇ, "ಮೊನ್ನಿ ಅಂದಂಗ ಅನ್ರೀ ಅತ್ತಿ, ಇನ್ನೊಮ್ಮಿ" ಎಂದು ಹೇಳಿಕೊಡತೊಡಗಿದೆ. ಅವರು ಪಾಠ ಒಪ್ಪಿಸುವಂತೆ ಅನ್ನುತ್ತಿದ್ದರು. ನಾನು ಪೇಜು ನೋಡುತ್ತಿದ್ದೆ, ಅವರ ಮುಖ ನೋಡಲಿಲ್ಲ.

ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಅತ್ತೆ ತಾವಾಗಿಯೇ, ತೀರಿಹೋದ ತಮ್ಮ ಅಕ್ಕನ ಸುದ್ದಿ ತೆಗೆದರು. "ಕಡೀಗೆ ನನ್ನ ಕೈಯಾನ ರೊಟ್ಟಿ ಬೇಡಿದ್ಲವ್ವ ಆಕಿ. ನಾ ಆವತ್ತು..." ಎಂದವರು ಥಟ್ಟನೆ ಮಾತು ನಿಲ್ಲಿಸಿದರು. ಅವರ ಕಣ್ಣು ಡಬ್ಬಿಯ ಕಡೆ, ಕಿಟಕಿಯ ಕಡೆ, ನನ್ನ ಮಡಿಲ ಕಡೆ ಹೋಯಿತು.

"ಎಲ್ಲಿಟ್ಟೀಯವ್ವ ಅದನ್ನ?"

"ಒಳಗ ಚಾರ್ಜಿಗೆ ಹಾಕೀನ್ರೀ ಅತ್ತಿ. ದೇವರಾಣಿ ಇಲ್ಲಿಲ್ಲ."

"ಹೌದಾ" ಎಂದು ರೊಟ್ಟಿ ಬಡಿಯಲು ಶುರುಮಾಡಿದರು. ಆಮೇಲೇನಾಯಿತು ಎಂದು ಕೇಳಿದೆ. "ಇರ್ಲಿ ಬಿಡು, ಹಳೇ ಮಾತು" ಎಂದರು.

ಅವತ್ತಿನಿಂದ ಅವರ ವಿಡಿಯೊ ಮಾಡುವುದನ್ನು ಬಿಟ್ಟೆ. ಹಳೆಯವನ್ನು ಮಾತ್ರ ಇನ್ನೂ ತೆಗೆದಿಲ್ಲ. ಅವನ್ನು ನೋಡಿಯೇ ಜನ ಬರುತ್ತಾರೆ, ಆ ಜನರಿಂದಲೇ ಮನೆ ನಡೆಯುತ್ತದೆ. ಇದನ್ನು ಯಾರ ಮುಂದೆಯೂ ಹೇಳಿಕೊಳ್ಳಲಾಗುವುದಿಲ್ಲ. ಈಗ ಪೇಜಿಗೆ ಹೊಸದಾಗಿ ಹಾಕುವುದು ಹಂಚಿನ ಮೇಲೆ ಉಬ್ಬುವ ರೊಟ್ಟಿ ಅಷ್ಟೇ. "ಅಮ್ಮ ಎಲ್ಲಿ?" ಎಂದು ಕೇಳಿದವರಿಗೆ, ಆರಾಮ ಇದ್ದಾರೆ ಎಂದು ಬರೆಯುತ್ತೇನೆ.

ಕಳೆದ ತಿಂಗಳು ಮದುವೆಮನೆಯೊಂದಕ್ಕೆ ರೊಟ್ಟಿ ಮುಟ್ಟಿಸಲು ಇಬ್ಬರೂ ಬಸ್ಸಿನಲ್ಲಿ ಮಸ್ಕಿಗೆ ಹೊರಟೆವು. ಅತ್ತೆಗೆ ಗುರುತಿಲ್ಲದ ಹೆಂಗಸೊಬ್ಬಳ ಪಕ್ಕ ಸೀಟು ಸಿಕ್ಕಿತು, ನನಗೆ ಹಿಂದೆ. ಕಾಲುವೆ ದಾಟುವಷ್ಟರಲ್ಲಿ ಅತ್ತೆ ಡ್ರೈವರನನ್ನೂ ರಸ್ತೆಯ ತಗ್ಗುಗಳನ್ನೂ ಬೈಯುತ್ತ, ಆಕೆಯ ತೊಡೆ ತಟ್ಟಿ ನಗುತ್ತಿದ್ದರು. ನಾನು ಸೀಟಿಗೆ ಒರಗಿ, ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡೆ. ಮಸ್ಕಿಯಲ್ಲಿ ಇಳಿದಾಗ ಅವರು ನನಗೆ ಹೇಳಿದ್ದು ಇಷ್ಟೇ: "ಬುಟ್ಟಿ ಹಿಡಿಯವ್ವ."