ಮಂಡಿಯ ನಾಲ್ಕು ಚುಕ್ಕೆ

ನಂಜನಗೂಡಿನ ಬಜಾರು ಬೀದಿಯಲ್ಲಿ ನನ್ನದೊಂದು ವೀಡಿಯೋ ಅಂಗಡಿ ಇತ್ತು. ಅಂಗಡಿ ಅಂದರೆ ಎಂಟಡಿ ಅಗಲದ ಮಳಿಗೆ, ಒಂದು ಕ್ಯಾಮೆರಾ, ಎರಡು ವಿಸಿಆರ್, ಒಂದು ಟಿವಿ, ಮದುವೆ ಕ್ಯಾಸೆಟ್ಟುಗಳ ಗುಡ್ಡೆ. ತೊಂಬತ್ತರ ದಶಕದಲ್ಲಿ ಹೆಮ್ಮರಗಾಲದಿಂದ ಕವಲಂದೆವರೆಗೆ ಧಾರೆ ಎರೆಸಿಕೊಂಡವರಲ್ಲಿ ಎಷ್ಟೋ ಜನ ನನ್ನ ಲೈಟಿನ ಬಿಸಿಗೆ ಬೆವರಿದವರೇ. ನನಗೆ ಒಳ್ಳೆಯ ಹೆಸರಿತ್ತು. ಆ ಹೆಸರು ತೆಗೆಯುವುದಕ್ಕಿಂತ ಮುಚ್ಚುವುದರಲ್ಲಿ ಬಂದದ್ದು. ಬೀಗರು ಊಟದ ಪಂಕ್ತಿಯಲ್ಲಿ ಜಗಳಕ್ಕೆ ನಿಂತರೆ ಚಿತ್ರದ ಮೇಲೊಂದು ಗುಲಾಬಿ ಅರಳಿಸುತ್ತಿದ್ದೆ. ಹುಡುಗಿ ಅತ್ತು ಮೂಗು ಒರೆಸಿಕೊಂಡರೆ ಎರಡು ಹಂಸ ಈಜಿಸಿಬಿಡುತ್ತಿದ್ದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಮಿಕ್ಸಿಂಗ್ ಅನ್ನುತ್ತಾರೆ. ಜನ ನೋಡಿ, "ಎಷ್ಟ್ ಚೆಂದಾಗ್ ತೆಗ್ದವ್ನೆ" ಅನ್ನುತ್ತಿದ್ದರು. ನಾನು ಬೀಗುತ್ತಿದ್ದೆ.

ನನಗೊಬ್ಬಳೇ ತಂಗಿ, ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅಪ್ಪ ಬೇಗ ತೀರಿಕೊಂಡದ್ದರಿಂದ ಅವಳನ್ನು ಮುದ್ದು ಮಾಡಿದ್ದು ಅವ್ವ, ಬೈದದ್ದು ನಾನು. ಅವಳು ಖೋ ಖೋ ಆಡುತ್ತಿದ್ದಳು. ಆಡುತ್ತಿದ್ದಳು ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಅಂಕಣದ ತುದಿಯ ಕಂಬವನ್ನು ಒಂದು ಕೈಯಲ್ಲಿ ಹಿಡಿದು ಅವಳು ಗಿರ್ರನೆ ತಿರುಗಿದರೆ ಅಟ್ಟಿಸಿಕೊಂಡು ಬಂದವಳ ಕೈಗೆ ಗಾಳಿ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. ಆ ಆಟಕ್ಕಾಗಿಯೇ ಅವಳನ್ನು ಟಿ. ನರಸೀಪುರದ ಕಾಲೇಜಿಗೆ ಸೇರಿಸಿ, ಅಲ್ಲೇ ಇದ್ದ ಸೋದರತ್ತೆಯ ಮನೆಯಲ್ಲಿ ಬಿಟ್ಟಿದ್ದೆವು. ಅವಳಿಗೆ ಇದ್ದದ್ದು ಒಂದೇ ಆಸೆ. ರಾಜ್ಯ ತಂಡ ಸೇರಬೇಕು, ಅದರ ಬಲದ ಮೇಲೆ ಡ್ರಿಲ್ ಟೀಚರ್ ಕೋರ್ಸಿಗೆ ಸೀಟು ಹಿಡಿಯಬೇಕು, ಕೊರಳಲ್ಲಿ ಸೀಟಿ ಹಾಕಿಕೊಂಡು ಮೈದಾನದಲ್ಲಿ ನಿಲ್ಲಬೇಕು.

ಹಾಗೆ ಸೀಟಿ ಹಾಕಿಕೊಂಡು ನಿಂತವರು ಅಲ್ಲೊಬ್ಬರಿದ್ದರು, ಅವಳ ಡ್ರಿಲ್ ಮೇಷ್ಟ್ರು. ಬಿಸಿಲಿಗೆ ಕಂದಿದ ಸಣಕಲು ಮನುಷ್ಯ, ಮಾತು ಮಾತ್ರ ಗಟ್ಟಿ. ಒಂದು ಆಷಾಢದ ಬೆಳಿಗ್ಗೆ ನರಸೀಪುರದ ಬಸ್ಸು ಹಿಡಿದು ನನ್ನ ಅಂಗಡಿಗೇ ಬಂದರು.

"ಆಸಾಡದಲ್ಲಿ ನಿಂಗೇನ್ ಕೆಲ್ಸ ಐತೆ? ಮದ್ವೆ ಇಲ್ಲ, ಮುಂಜಿ ಇಲ್ಲ, ನೊಣ ಓಡಿಸ್ತಾ ಕುಂತಿದ್ದೀಯ. ಕ್ಯಾಮ್ರಾ ಎತ್ಕಂಡು ಬಾ."

"ಯಾಕ್ ಸಾ?"

"ನಿನ್ ತಂಗಿ ಕಂಬ ತಿರುಗೋವಾಗ ಎಡಗಾಲು ಊರ್ತಾಳಲ್ಲ, ಆಗ ಮಂಡಿ ಒಳಕ್ಕೆ ಬೀಳ್ತದೆ ಅಂತ ನಂಗೆ ಅನುಮಾನ. ಕೇಳುದ್ರೆ ಏನೂ ಇಲ್ಲ ಅಂತಾಳೆ. ಕಣ್ಣಿಗೆ ಸಿಕ್ಕಲ್ಲ ಅದು, ಅಷ್ಟು ಬಿರ್ರನೆ ತಿರುಗ್ತಾಳೆ."

ಅವರು ಯಾವುದೋ ತರಬೇತಿಯಲ್ಲಿ ಒಂದು ವಿದ್ಯೆ ಕಲಿತು ಬಂದಿದ್ದರು. ಆಟಗಾರರ ಸೊಂಟ, ಮಂಡಿ, ಪಾದದ ಮೇಲಿನ ಹರಡುಗಳ ಮೇಲೆ ಗುರುತು ಅಂಟಿಸಿ ವೀಡಿಯೋ ತೆಗೆಯುವುದು. ಆಮೇಲೆ ಒಂದೊಂದೇ ಚಿತ್ರ ನಿಲ್ಲಿಸಿ, ಟಿವಿ ಗಾಜಿನ ಮೇಲೆ ಪಾರದರ್ಶಕ ಹಾಳೆ ಅಂಟಿಸಿ, ಗುರುತು ಇದ್ದಲ್ಲಿ ಚುಕ್ಕೆ ಇಡುವುದು. ಸೊಂಟದಿಂದ ಹರಡಿಗೆ ನೇರ ಗೆರೆ ಎಳೆದು, ಮಂಡಿಯ ಚುಕ್ಕೆ ಅದರಿಂದ ಎಷ್ಟು ಒಳಗೆ ಬಂತು ಅಂತ ಗ್ರಾಫ್ ಹಾಳೆಗೆ ಇಳಿಸುವುದು.

"ಆಟಗಾರ್ತಿ ಬೀಳೋ ಮುಂಚೆ ಗೆರೆ ಬೀಳ್ತದೆ ಕಣಪ್ಪ," ಎಂದರು. "ಗೆರೆ ಬಿದ್ರೆ ಈ ವರ್ಷ ಕಳ್ಸಲ್ಲ. ಮಂಡಿ ಗಟ್ಟಿ ಮಾಡಿ ಮುಂದುಲ್ ವರ್ಷ ಕಳ್ಸನ. ನೆಟ್ಟಗಿದ್ರೆ ಇದೇ ಸಲ ಸೆಲೆಕ್ಷನ್‌ಗೆ ಓಗ್ಲಿ. ನಿನ್ ಕಣ್ಣು ನಂಬ್ಬೇಡ, ನನ್ ಕಣ್ಣೂ ನಂಬ್ಬೇಡ. ಚುಕ್ಕೆ ನಂಬು."

ಮೊದಲ ದಿನ ಅತ್ತೆಯ ಮನೆ ಕನ್ನಡಿ ಮೇಲೆ ಅಂಟಿಸಿದ್ದ ಕೆಂಪು ಸ್ಟಿಕ್ಕರ್ ಬೊಟ್ಟುಗಳನ್ನೇ ಕಿತ್ತು ತಂಗಿಯ ಕಾಲಿಗೆ ಹಚ್ಚಿದೆವು. ತಂಡದ ಹುಡುಗಿಯರು, "ಮಂಡಿಗೂ ಮುತ್ತೈದೆತನ ಬಂತು ಕಣೇ" ಅಂತ ಬಿದ್ದು ಬಿದ್ದು ನಕ್ಕರು. ಟೇಪಿನಲ್ಲಿ ನೋಡಿದರೆ ಕೆಂಪೆಲ್ಲ ಕದಡಿಕೊಂಡಿತ್ತು. ಎರಡನೇ ದಿನ ಬಿಳಿ ಪ್ಲಾಸ್ಟರ್ ತುಂಡು ಅಂಟಿಸಿ ನಡುವೆ ಕರಿ ಮಸಿಯ ಬೊಟ್ಟಿಟ್ಟೆವು. ಕಂಬದ ಎದುರು ಸ್ಟ್ಯಾಂಡು ನಿಲ್ಲಿಸಿ, ಅವಳು ನನ್ನ ಕಡೆಗೇ ತಿರುಗಿ ಬರುವ ಹಾಗೆ ತೆಗೆದೆ. ಮುಗಿದ ಮೇಲೆ ಅವಳು ಬಂದು ಕ್ಯಾಮೆರಾ ಚೀಲಕ್ಕೆ ಕೈ ಹಾಕಿ ನಿಂತಳು.

"ಅಣ್ಣಾ, ಈ ವರ್ಷ ತಪ್ಪಿದ್ರೆ ಮುಂದುಲ್ ವರ್ಷ ಅವ್ವ ಬಿಡಲ್ಲ. ಆಗ್ಲೇ ಗಂಡು ನೋಡ್ತಾವ್ಳೆ. ನಿಂಗ್ ಗೊತ್ತಲ್ವಾ."

"ನಂಗ್ಯಾಕ್ ಹೇಳ್ತೀಯ? ಚುಕ್ಕೆ ಏನ್ ಹೇಳ್ತದೋ ಅದು," ಎಂದು ಗದರಿದೆ. ಗದರಿದೆನೇ ಹೊರತು ಆ ಮಾತು ನನ್ನ ಜೊತೆಯಲ್ಲೇ ಬಸ್ಸು ಹತ್ತಿತು.

ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಅವಳು ಕಂಬ ತಿರುಗಿ ಹೊರಬೀಳಲು ಎರಡು ಸೆಕೆಂಡು. ಅಲ್ಲಿಗೆ ಐವತ್ತು ಚಿತ್ರ. ವಿಸಿಆರ್ ನಿಲ್ಲಿಸಿದರೆ ಚಿತ್ರ ನಡುಗುತ್ತಿತ್ತು, ಅಡ್ಡಡ್ಡಲಾಗಿ ಬಿಳಿ ಗೀಟೊಂದು ಹಾಯುತ್ತಿತ್ತು. ಐದು ನಿಮಿಷ ಮೀರಿದರೆ ಯಂತ್ರ ತಾನೇ ನಿಂತುಬಿಡುತ್ತಿತ್ತು, ಮತ್ತೆ ಹಿಂದೆ ಸುತ್ತಿ ಹುಡುಕಬೇಕು. ನಾಲ್ಕು ದಿನ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕುಳಿತೆ. ಸುಳ್ಳೇಕೆ ಹೇಳಲಿ, ಕೆಲಸ ಬಲು ಹಿಡಿಸಿತು. ಎತ್ತಿಕೊಂಡು ಓಡಾಡಿಸಿದ ಕಾಲು, ನಾನೇ ಮುಳ್ಳು ತೆಗೆದ ಕಾಲು, ಅದರಲ್ಲಿ ಎಂಥ ಶಕ್ತಿ ಕೂತಿತ್ತು ಅಂತ ಆಗ ಮೊದಲ ಸಲ ಕಂಡೆ.

ಮೂವತ್ತೊಂದನೇ ಚಿತ್ರಕ್ಕೆ ಬಂದೆ. ಎಡಗಾಲು ನೆಲ ಮುಟ್ಟಿದ ಕ್ಷಣ ಅದು. ಮಂಡಿಯ ಬೊಟ್ಟು ಇರಬೇಕಾದ ಕಡೆ ಇರಲಿಲ್ಲ, ಎರಡು ಬೆರಳಿನಷ್ಟು ಒಳಕ್ಕೆ ಬಂದಿತ್ತು. ಸರಿಯಾಗಿ ಅಲ್ಲೇ ಬಿಳಿ ಗೀಟು ಹಾಯ್ದಿತ್ತು. ಮೂವತ್ತೆರಡು, ಮೂವತ್ತಮೂರು, ಮೂವತ್ತನಾಲ್ಕರಲ್ಲೂ ಹಾಗೇ. ಮೂವತ್ತೈದಕ್ಕೆ ಬೊಟ್ಟು ಮತ್ತೆ ನೆಟ್ಟಗೆ ಬಂದು ನಿಂತಿತು. ನಾನು ಟೇಪನ್ನು ಬೈದೆ. ವಿಸಿಆರ್ ಹೆಡ್ ಒರೆಸಿದೆ. ಬೆವರಿಗೆ ಪ್ಲಾಸ್ಟರ್ ಜಾರಿರಬೇಕು ಅಂದುಕೊಂಡೆ. ಜಾರಿದ ಪ್ಲಾಸ್ಟರ್ ತಾನೇ ವಾಪಸ್ ಜಾಗಕ್ಕೆ ಹೇಗೆ ಬಂತು ಅಂತ ಕೇಳಿಕೊಳ್ಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆಮೇಲೆ ನನ್ನ ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಮೂವತ್ತರ ಚುಕ್ಕೆ ಇತ್ತು, ಮೂವತ್ತೈದರ ಚುಕ್ಕೆ ಇತ್ತು. ನಡುವೆ ನಾಲ್ಕು ಚುಕ್ಕೆಗಳನ್ನು ನಾನೇ ಅಂದಾಜಿನ ಮೇಲೆ ಇಟ್ಟೆ. ಗ್ರಾಫ್ ಹಾಳೆಯಲ್ಲಿ ಗೆರೆ ಎಲ್ಲೂ ಮುಗ್ಗರಿಸದೆ ಹೋಯಿತು. ನೋಡಿ ಖುಷಿಪಟ್ಟೆ. ಗುಲಾಬಿ ಒಂದು ಕಡಿಮೆ, ಅಷ್ಟೆ.

ಮೇಷ್ಟ್ರು ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನನ್ ಕಣ್ಣೇ ಸುಳ್ಳಾಯ್ತಲ್ಲಪ್ಪ," ಎಂದು ನಕ್ಕರು. ಅವರ ಮುಖದ ಮೇಲಿನ ಭಾರ ಇಳಿದದ್ದು ಕಂಡಿತು. "ಎಲ್ಲಾ ಚುಕ್ಕೇನೂ ನೋಡೇ ಇಟ್ಟಿದ್ದೀಯ ತಾನೆ?"

"ಹೂಂ ಸಾ," ಎಂದೆ.

ತಂಗಿ ಸೆಲೆಕ್ಷನ್‌ಗೆ ಹೋದಳು. ಎರಡನೇ ದಿನದ ಆಟದಲ್ಲಿ ಕಂಬ ಹಿಡಿದು ತಿರುಗಿ ಎಡಗಾಲು ಊರಿದಳು, ಬಿದ್ದವಳು ಎದ್ದೇಳಲಿಲ್ಲ. ಪಕ್ಕದಲ್ಲಿದ್ದವರಿಗೆ ಲಟಕ್ ಅಂತ ಸದ್ದು ಕೇಳಿತಂತೆ. ಮೈಸೂರಿನ ಡಾಕ್ಟರು ಮಂಡಿಯನ್ನು ಒಳಗಿನಿಂದ ಹಿಡಿದು ನಿಲ್ಲಿಸುವ ನಾರು ಹರಿದಿದೆ ಎಂದರು. ಬ್ಯಾಂಡೇಜು, ಎಣ್ಣೆ, ಪಟ್ಟು ಎಲ್ಲ ಆಯಿತು. ನಡೆಯುವ ಹಾಗಾದಳು, ಎಡಗಾಲನ್ನು ಸ್ವಲ್ಪ ಎಳೆದುಕೊಂಡು. ಓಡುವುದು ಅಲ್ಲಿಗೆ ಮುಗಿಯಿತು.

ನೋಡಲು ಬಂದ ಮೇಷ್ಟ್ರು ಹಜಾರದ ಕಂಬಕ್ಕೆ ಒರಗಿ ಕುಳಿತರು. "ನಿನ್ ಗೆರೆ ಸರಿಯಾಗೇ ಇತ್ತು ಕಣಪ್ಪ. ನಾನೇ ಜಾಸ್ತಿ ಓಡಿಸ್ಬುಟ್ಟೆ. ನನ್ ಪಾಪ ಇದು," ಎಂದರು. ನಾನು ಅವರಿಗೆ ಕಾಫಿ ಲೋಟ ಕೊಟ್ಟೆ. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಆ ವರ್ಷದಿಂದ ಅವರು ಯಾವ ಹುಡುಗಿಗೂ ಕಂಬ ತಿರುಗುವುದನ್ನು ಕಲಿಸಲಿಲ್ಲ, ಬರೀ ಕವಾಯತು ಮಾಡಿಸಿ ರಿಟೈರ್ ಆದರು. ಆಮೇಲೆ ಮೂರು ವರ್ಷಕ್ಕೆ ತೀರಿಕೊಂಡರು. ಹೆಣ ನೋಡಲು ಹೋದಾಗಲೂ ನಾನು ಬಾಯಿ ಬಿಡಲಿಲ್ಲ.

ತಂಗಿಯನ್ನು ಹುಲ್ಲಹಳ್ಳಿಗೆ ಕೊಟ್ಟೆವು. ನಾಲೆ ನೀರಿನ ಗದ್ದೆ ಇರುವ ಮನೆ, ಗಂಡ ತಣ್ಣಗಿನ ಮನುಷ್ಯ. ಧಾರೆ ಎರೆಯಬೇಕಾದವನು ನಾನೇ ಆದ್ದರಿಂದ ಕ್ಯಾಮೆರಾ ಬೇರೆಯವರು ಹಿಡಿದಿದ್ದರು, ಮಿಕ್ಸಿಂಗ್ ಮಾತ್ರ ನಾನೇ ಮಾಡಿದೆ. ಅವಳು ಕಾಲೆಳೆದುಕೊಂಡು ಮಂಟಪಕ್ಕೆ ನಡೆದು ಬರುವ ಜಾಗದಲ್ಲಿ ಉದ್ದಕ್ಕೂ ಮಲ್ಲಿಗೆ ಸುರಿಸಿದೆ. ಕ್ಯಾಸೆಟ್ಟನ್ನು ಅವಳು ಒಂದೇ ಸಲ ನೋಡಿ ಎತ್ತಿಟ್ಟಳು.

ಹಳೆಯ ಟೇಪು ಅಂಗಡಿಯ ಅಟ್ಟದ ಮೇಲೆ ಬಿದ್ದಿತ್ತು. ಎರಡು ಸಾವಿರ ಇಸವಿ ದಾಟಿ, ಜನ ಮದುವೆ ಕ್ಯಾಸೆಟ್ಟುಗಳನ್ನು ಸಿಡಿ ಮಾಡಿಸಲು ತರತೊಡಗಿದಾಗ ನಾನೂ ಒಂದು ಕಂಪ್ಯೂಟರ್ ತಂದೆ. ಒಂದು ಮಧ್ಯಾಹ್ನ ಕೈ ತಾನಾಗಿ ಆ ಟೇಪಿಗೆ ಹೋಯಿತು. ಕಂಪ್ಯೂಟರಿನಲ್ಲಿ ನಿಲ್ಲಿಸಿದ ಚಿತ್ರ ನಡುಗುವುದಿಲ್ಲ, ಬಿಳಿ ಗೀಟು ಹಾಯುವುದಿಲ್ಲ. ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು, ಮೂವತ್ತನಾಲ್ಕು. ಪ್ಲಾಸ್ಟರ್ ಜಾರಿರಲಿಲ್ಲ. ಮೂಲೆ ಸಹ ಎದ್ದಿರಲಿಲ್ಲ. ಮಂಡಿಯೇ ಒಳಕ್ಕೆ ಬಿದ್ದಿತ್ತು. ಬಾಗಿಲು ಎಳೆದುಕೊಂಡು ಅತ್ತುಬಿಟ್ಟೆ. ಇದು ನನಗೆ ಮೊದಲೇ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಅಷ್ಟು ವರ್ಷ ಉಂಡು ಮಲಗಿದ್ದೆ.

ಅವ್ವನನ್ನು ನೋಡಲು ತಿಂಗಳಿಗೊಮ್ಮೆ ಬರುತ್ತಿದ್ದ ತಂಗಿಯನ್ನು ಅಂಗಡಿಗೆ ಕರೆದು ಕೂರಿಸಿ ನಾಲ್ಕೂ ಚಿತ್ರ ತೋರಿಸಿದೆ. ಮಾಡಿದ್ದನ್ನು ಮಾಡಿದ ಹಾಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನೋವಿತ್ತು ಕಣಣ್ಣಾ," ಎಂದಳು. "ಒಂದ್ ತಿಂಗ್ಳಿಂದ್ಲೂ ಇತ್ತು, ಮೆಟ್ಲು ಇಳೀವಾಗೆಲ್ಲ. ನಿಮ್ಗ್ಯಾರ್ಗೂ ಹೇಳಿರ್ಲಿಲ್ಲ. ಸೆಲೆಕ್ಷನ್‌ಗೆ ಮುಂಚೆ ಒಂದಿನ ತಡೀನಾರ್ದೆ ಮೇಷ್ಟ್ರಿಗೆ ಹೇಳ್ಬುಡಾನ ಅಂತ ಅವ್ರ ತಾವ್ಕೆ ಓದೆ. ನಾನ್ ಬಾಯ್ ಬಿಡೋಕ್ ಮುಂಚೆ ಅವ್ರು ನಿನ್ ಗ್ರಾಫ್ ತೋರ್ಸಿ, ಇಟ್ಕೋ ಮಗಾ ಅಂತ ನನ್ ಕೈಗೇ ಕೊಟ್ರು. ಗೆರೆ ನೆಟ್ಟಗಿತ್ತು. ಅಣ್ಣನೇ ಇಟ್ಟಿರೋ ಚುಕ್ಕೆ. ಅಂಗಾದ್ರೆ ಈ ನೋವು ನನ್ ಪುಕ್ಕಲುತನ ಅನ್ಕಂಡೆ."

ಅಷ್ಟು ಹೇಳಿ ಎದ್ದು ಹೋದಳು.

ಮುಂದಿನ ವಾರ ಸೋಮವಾರ, ಹೇಳದೆ ಕೇಳದೆ ಮತ್ತೆ ಬಂದಳು. ಸೀರೆಯ ಮಡಿಕೆಯಲ್ಲಿಟ್ಟು ಹಳದಿಯಾದ ಗ್ರಾಫ್ ಹಾಳೆಯನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲೆ ಹರಡಿದಳು. ಅಷ್ಟು ವರ್ಷ ಅವಳೇ ಇಟ್ಟುಕೊಂಡಿದ್ದಳು.

"ಈಗ ನೋಡಿ ಇಡು," ಎಂದಳು.

ಒಂದೊಂದೇ ಚಿತ್ರ ನಿಲ್ಲಿಸಿ ಅಳೆದೆ. ಕೆಂಪು ಪೆನ್ನಿನಲ್ಲಿ ನಾಲ್ಕು ಚುಕ್ಕೆ ಇಟ್ಟು ಸೇರಿಸಿದೆ. ನೆಟ್ಟಗಿದ್ದ ಗೆರೆ ಮೂವತ್ತರ ಪಕ್ಕ ತಟಕ್ಕನೆ ಕೆಳಗೆ ಬಿತ್ತು. ಅವಳು ಅದರ ಮೇಲೆ ಬೆರಳಾಡಿಸಿದಳು.

"ಅಂಗಾದ್ರೆ ನಂಗೆ ನೋವಿದ್ದದ್ದು ದಿಟ," ಎಂದಳು. ಕಣ್ಣಲ್ಲಿ ನೀರಿತ್ತು. "ಮದ್ವೆ ಕ್ಯಾಸೆಟ್ಟೂ ಸಿಡಿ ಮಾಡ್ತೀಯಲ್ಲ, ಆ ಮಲ್ಗೆ ತೆಗ್ದುಬುಡು. ನಾನ್ ಎಂಗ್ ನಡ್ದೆ ಅಂಗೇ ಇರ್ಲಿ."

ಮಲ್ಲಿಗೆ ಸುರಿಸದ ಮೂಲ ಟೇಪು ಇನ್ನೂ ಅಟ್ಟದ ಮೇಲಿತ್ತು. ಆಯಿತು ಎಂದೆ. ಹಾಳೆಯನ್ನು ಅವಳು ಮತ್ತೆ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ. ಹುಲ್ಲಹಳ್ಳಿ ಬಸ್ಸು ಬಂತು. ಅವಳು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಲಗಾಲನ್ನು ಮೆಟ್ಟಿಲ ಮೇಲಿಟ್ಟು, ಎಡಗಾಲನ್ನು ಹಿಂದಿನಿಂದ ಎಳೆದುಕೊಂಡಳು. ಅಷ್ಟು ವರ್ಷ ಆ ಹೊತ್ತಿಗೆ ಸರಿಯಾಗಿ ನಾನು ಬೇರೆ ಕಡೆ ನೋಡುತ್ತಿದ್ದೆ. ಅವತ್ತು ಅವಳು ಮೂರೂ ಮೆಟ್ಟಿಲು ಹತ್ತುವವರೆಗೆ ನೋಡಿದೆ.